ಅಫಿಡವಿಟ್ಟಿನಲ್ಲಿ ಸಿಕ್ಕ ನಮ್ಮ ಮಸಣ

ಮೊನ್ನೆ ಲಿಂಗಸುಗೂರಿನ ಕಂದಾಯ ಕಚೇರಿ ಎದುರಿಗಿರುವ ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಯಂತ್ರದಿಂದ ಹೊರಬಿದ್ದ ಹಾಳೆಯನ್ನು ಅಂಗಡಿಯವನು ಕೈಗೆ ಕೊಟ್ಟ. ಇನ್ನೂ ಬಿಸಿ ಇತ್ತು. ಬಿಸಿ ಕಾಗದಕ್ಕೆ ಅದರದೇ ಒಂದು ವಾಸನೆ ಇರುತ್ತದೆ. ಬಹಳ ಜನ ಅದನ್ನು ಗಮನಿಸುವುದಿಲ್ಲ. ನಾನು ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಮುಖ ತಿರುಗಿಸಿ ಅಂಗಡಿಯ ಕಟ್ಟೆ ಹಿಡಿದು ನಿಂತೆ.

"ಯಾಕ್ರೀ ಟೀಚರ್, ಬಿಸಿಲು ಬಡೀತೇನು? ನೀರು ಕುಡೀರಿ," ಅಂದ.

ಬಿಸಿಲಲ್ಲ. ಆ ವಾಸನೆಯ ಹಿಂದೆ ಒಂದು ಇಡೀ ಬೇಸಿಗೆ ಇದೆ. ವಿಧಾನಸಭೆ ಚುನಾವಣೆಯ ಬೇಸಿಗೆ. ಕೈಯಲ್ಲಿದ್ದ ಹಾಳೆಯಲ್ಲಿ ಏನಿತ್ತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಬೇಸಿಗೆಯದು ಮುಗಿಯಲಿ.

ಆಗ ನಾನು ಟೀಚರ್ ಆಗಿರಲಿಲ್ಲ. ಮಸ್ಕಿಯ ಬಸ್ ನಿಲ್ದಾಣದ ಹಿಂದೆ ಮೆಹಬೂಬ್ ಸಾಹೇಬರ ಆನ್‌ಲೈನ್ ಸೆಂಟರಿನಲ್ಲಿ ಕೂತು, ಬಂದವರಿಗೆ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ ತೆಗೆದುಕೊಡುವುದು ನನ್ನ ಕೆಲಸ. ನಮ್ಮೂರು ಪಾಮನಕಲ್ಲೂರಿನ ಆಚೆ. ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಹುಲಿಗೆಮ್ಮ. ಗಂಡಸರನ್ನೂ ಸೇರಿಸಿ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಡಿಗ್ರಿ ಪುಕ್ಕಟೆ ಬಂದದ್ದಲ್ಲ. ನನ್ನಪ್ಪ ಹನುಮಂತ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಆಗಿದ್ದ. ಚೀಲ ಹೊತ್ತು ಹೊತ್ತು ಅವನ ಕುತ್ತಿಗೆಯ ಹಿಂದೆ ಎತ್ತಿನ ಹೆಗಲಿಗೆ ಬರುವಂಥ ಗಟ್ಟಿ ಚರ್ಮ ಬಂದಿತ್ತು. ಊರಿಗೆ ಬಂದಾಗಲೆಲ್ಲ ನನ್ನ ಪುಸ್ತಕ ತೆಗೆದು, ಒಂದಕ್ಷರ ಬಾರದಿದ್ದರೂ ಹಾಳೆ ಹಾಳೆ ತಿರುವುತ್ತಿದ್ದ.

"ಇಷ್ಟೂ ಓದಬೇಕೇನವಾ?"

"ಹೂಂನಪ್ಪ. ಪರೀಕ್ಷಾಕ್ಕ ಸ್ವಲ್ಪ ಬಿಟ್ರೂ ನಡೀತೈತಿ."

"ಬಿಡಬ್ಯಾಡ. ಯಾವ ಹಾಳ್ಯಾಗ ಏನಿರ್ತೈತೋ ಯಾರಿಗೆ ಗೊತ್ತು."

ಫಲಿತಾಂಶ ಬಂದ ವರ್ಷವೇ ಅವನು ತೀರಿಕೊಂಡ. ಗಿರಣಿಯ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಹಳ್ಳದ ದಂಡೆಯಲ್ಲಿರುವ ನಮ್ಮ ಕೇರಿಯ ಮಸಣದಲ್ಲಿ ಮಣ್ಣು ಮಾಡಿದೆವು. ತಲೆಯ ಕಡೆಗೆ ಒಂದು ಕರಿಕಲ್ಲು ನಿಲ್ಲಿಸಿದವಳು ನನ್ನವ್ವ ಮಲ್ಲಮ್ಮ. ಎರಡು ಎಕರೆ ಜಾಗ ಅದು. ನಿಜಾಮನ ಕಾಲದಲ್ಲಿ ಊರಿನ ಗೌಡರು "ನಿಮ್ಮ ಹೆಣ ಇಲ್ಲಿ ಹೂಳಿಕೊಳ್ರಿ" ಅಂತ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ಕಾಗದ ಅಂತ ಯಾರೂ ಮಾಡಿಸಲಿಲ್ಲ. ಮಸ್ಕಿಯ ಗುಡ್ಡದಲ್ಲಿ ಎರಡು ಸಾವಿರ ವರ್ಷದ ಹಿಂದೆ ರಾಜನೊಬ್ಬ ಬಂಡೆಯ ಮೇಲೆ ಬರೆಸಿದ್ದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅದರ ಪಕ್ಕದಲ್ಲೇ ಹುಟ್ಟಿ ಸತ್ತ ನಮ್ಮ ಮೂರು ತಲೆಮಾರಿಗೆ ಎರಡು ಎಕರೆಗೆ ಒಂದು ಬರಹ ಮಾಡಿಸಿಕೊಳ್ಳಬೇಕು ಅನ್ನಿಸಲಿಲ್ಲ.

ಚುನಾವಣೆ ಘೋಷಣೆಯಾದ ವಾರ ರಾಯಚೂರಿನಲ್ಲಿ ಒಂದು ದಿನದ ತರಬೇತಿಗೆ ಹೋಗಿದ್ದೆ. ಅಭ್ಯರ್ಥಿಗಳು ನಾಮಪತ್ರದ ಜೊತೆ ಅಫಿಡವಿಟ್ ಕೊಡುತ್ತಾರೆ; ಅದರಲ್ಲಿ ಅವರ ಆಸ್ತಿ, ಸಾಲ, ಕೇಸು, ಓದು ಎಲ್ಲವೂ ಇರುತ್ತದೆ; ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು; ಪ್ರಚಾರದ ಖರ್ಚಿನ ಲೆಕ್ಕವನ್ನೂ ಕೇಳಿ ನೋಡಬಹುದು ಎಂದು ಅಲ್ಲಿ ಹೇಳಿಕೊಟ್ಟರು. ನನಗೆ ಮೈ ಜುಮ್ ಅಂದಿತು. ಇಷ್ಟೆಲ್ಲ ಬಯಲಿಗೆ ಬಿದ್ದಿದೆ, ನಮ್ಮ ಜನಕ್ಕೆ ಓದಿ ಹೇಳುವವರಿಲ್ಲ, ಅಷ್ಟೇ. ಓದಿ ಹೇಳಿದರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಎಂದುಕೊಂಡೆ. ಡಿಗ್ರಿ ಇದ್ದವರಿಗೆ ಮಾತ್ರ ಬರುವ ದಡ್ಡತನ ಅದು.

ಮೆಹಬೂಬ್ ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ, "ಹಾಳಿ ನಂದು, ಹಿಮ್ಮತ್ತು ನಿಂದು. ನನ್ನ ಹೆಸರು ಮಾತ್ರ ಎಲ್ಲೂ ತರಬ್ಯಾಡ ಬೇಟಿ," ಅಂದರು. ಆ ವಾರ ಯಂತ್ರಕ್ಕೆ ಉಸಿರು ಬಿಡಲು ಪುರುಸೊತ್ತು ಕೊಡಲಿಲ್ಲ. ಬಿಸಿ ಹಾಳೆಗಳ ಕಟ್ಟನ್ನು ಎದೆಗವಚಿಕೊಂಡು ಸಂಜೆ ಬಸ್ಸಿಗೆ ಊರಿಗೆ ಹೋಗುತ್ತಿದ್ದೆ. ಆಗ ಆ ವಾಸನೆ ನನಗೆ ಹೊಸ ಪುಸ್ತಕದ ವಾಸನೆಯಷ್ಟೇ ಇಷ್ಟವಾಗಿತ್ತು.

ನನ್ನ ಮೊದಲ ಸಭೆ ಉದ್ಯೋಗ ಖಾತ್ರಿಯ ಕೆಲಸದ ಜಾಗದಲ್ಲಿ. ಕೆರೆಯ ಹೂಳೆತ್ತಿ ದಣಿದ ಹೆಂಗಸರು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಆ ಸಲ ನಮ್ಮ ಕಡೆ ಜೋರಾಗಿ ಓಡಾಡುತ್ತಿದ್ದ ಅಭ್ಯರ್ಥಿಯೊಬ್ಬರಿದ್ದರು. ಎಲ್ಲರೂ ಅವರನ್ನು ಧಣಿ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ, ಹೆಸರು ಬರೆದು ಕಾಗದ ಹೊಲಸು ಮಾಡುವುದು ಬೇಡ. ಅವರ ಅಫಿಡವಿಟ್ ಓದಲು ಸುರುಮಾಡಿದೆ.

"ಆಸ್ತಿ ಇಷ್ಟು ಕೋಟಿ," ಅಂದೆ.

"ಕೋಟಿಗೆ ಎಷ್ಟು ಸೊನ್ನಿ ಬೇ?"

"ಏಳು."

"ಏಳಾ! ನಮ್ಮ ಮುನ್ನೂರು ಕೂಲಿಗೆ ಎರಡೇ. ಅವನ್ನೂ ತೊಳದ್ರ ಮೂರು ರೂಪಾಯಿ ಉಳೀತೈತಿ."

"ಹೊಡೆದಾಟದ ಕೇಸು ಎರಡು ಅದಾವು," ಅಂದೆ.

"ಬರೇ ಎರಡಾ? ನನ್ನ ಗಂಡ ಕೇಸಿಲ್ಲದ ದಿನಾ ಹೊಡೀತಾನ. ಅವನಿಗೂ ಒಂದು ಟಿಕೀಟು ಕೊಡಸ ಯವ್ವಾ, ಮನಿ ಬಿಟ್ಟರ ಹೋಗ್ಲಿ."

"ಧಣ್ಯಾರ ಹೆಸರಿನ್ಯಾಗ ಒಂದೂ ಕಾರಿಲ್ಲಂತ."

"ಅಯ್ಯ, ಪಾಪ! ಹಂಗಾರ ನಿನ್ನೆ ಧೂಳೆಬ್ಬಿಸಿಕೋತ ಹ್ವಾದದ್ದು ನಡಕೋತ ಹ್ವಾದದ್ದೇನು?"

ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ನನಗೂ ನಗು. ಪ್ರಚಾರದ ಖರ್ಚಿನ ಲೆಕ್ಕದಲ್ಲಿ ಚಹಾ, ಹೂವಿನ ಹಾರ, ಬಾಡಿಗೆ ಕುರ್ಚಿ ಇಷ್ಟೇ ಇದ್ದವು. ಹಿಂದಿನ ಭಾನುವಾರ ಊರ ಹೊರಗಿನ ತೋಟದಲ್ಲಿ ಕಡಿದ ಕುರಿಗಳು ಲೆಕ್ಕದಿಂದ ಮೇಯಲು ಹೋಗಿದ್ದವು. ಸಾಲದ ಪಟ್ಟಿಯಲ್ಲಿ ಒಂದು ದೊಡ್ಡ ಕೈಗಡ ಇತ್ತು. ಕೊಟ್ಟವರು ಯಾರೆಂದು ನೋಡಿದರೆ, ನನ್ನಪ್ಪ ಚೀಲ ಹೊತ್ತ ಅದೇ ಅಕ್ಕಿ ಗಿರಣಿ. ಅದನ್ನು ಓದಿದಾಗ ಒಬ್ಬಳು ರೊಟ್ಟಿ ಮುರಿಯುತ್ತ ತಣ್ಣಗೆ ಹೇಳಿದಳು: "ಕೊಟ್ಟವ ಸುಮ್ನ ಕೊಟ್ಟಿರ್ತಾನೇನು? ಕಾಲುವಿಗೆ ನೀರು ಬಿಟ್ಟಾಗ ಯಾರ ಗದ್ದಿಗೆ ಮೊದಲು ಹೋಗ್ತೈತಿ, ಅಲ್ಲಿ ನೋಡು."

ತರಬೇತಿಯಲ್ಲಿ ಒಂದು ಗಂಟೆ ಹೇಳಿದ್ದನ್ನು ಅವಳು ಒಂದು ತುತ್ತಿನಲ್ಲಿ ಹೇಳಿದ್ದಳು. ಜನಕ್ಕೆ ತಿಳಿಯುವುದಿಲ್ಲ ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಎಲ್ಲವೂ ತಿಳಿಯುತ್ತದೆ. ತಿಳಿದ ಮೇಲೆ ಏನಾಗುತ್ತದೆ ಎಂಬುದೇ ಅಸಹ್ಯ.

ಎರಡನೆಯ ಸಭೆ ನಮ್ಮ ಕೇರಿಯಲ್ಲೇ, ದುರ್ಗಮ್ಮನ ಗುಡಿಯ ಕಟ್ಟೆಯ ಮೇಲೆ. ಕೋಟಿಗಳನ್ನು ಓದಿದೆ, ಕೇಸುಗಳನ್ನು ಓದಿದೆ. ಆಮೇಲೆ ಜಮೀನಿನ ಪಟ್ಟಿ ಬಂತು. ಧಣಿಯ ಹೆಸರಿನದು, ಹೆಂಡತಿಯ ಹೆಸರಿನದು, ಮೂರು ಹಾಳೆ ತುಂಬ ಬರೀ ಸರ್ವೆ ನಂಬರು. ಹೆಂಗಸರ ಮುಂದೆ ನಾನದನ್ನು ಬಿಟ್ಟುಬಿಟ್ಟಿದ್ದೆ. ನಂಬರು ಕೇಳಿ ಯಾರಿಗೆ ಏನಾಗಬೇಕು? ಇಲ್ಲೂ ಬಿಡುವವಳೇ ಇದ್ದೆ. ಅಪ್ಪನ ಮಾತು ನೆನಪಾಯಿತೋ, ಕತ್ತಲಾಗಲು ಇನ್ನೂ ಹೊತ್ತಿತ್ತೋ, ಓದಿಕೊಂಡು ಹೋದೆ. ಎರಡನೆಯ ಹಾಳೆಯ ನಡುವೆ ಕಟ್ಟೆಯ ಮೂಲೆಯಿಂದ ಒಂದು ದನಿ ಬಂತು.

"ತಡಿ. ಹಿಂದಿಂದು ಅನ್ನು."

ಈರಪ್ಪಜ್ಜ. ಹರೆಯದಲ್ಲಿ ಮೋಜಣಿಯವರ ಹಿಂದೆ ಅಳತೆಯ ಸರಪಳಿ ಎಳೆದವನು. ನಮ್ಮ ಭಾಗದ ಒಂದೊಂದು ಹೊಲಕ್ಕೂ ಅವನ ಕಾಲು ತಾಗಿತ್ತು. ಕೋಟಿ ಓದುವಾಗ ತೂಕಡಿಸುತ್ತಿದ್ದವನು ನಂಬರು ಬಂದ ಕೂಡಲೇ ಕಣ್ಣು ಬಿಟ್ಟಿದ್ದ.

"ನೂರಾ ಹದಿನೇಳು ಬಾರ್ ಎರಡು. ಎರಡು ಎಕರೆ ನಾಲ್ಕು ಗುಂಟೆ. ಹೆಂಡತಿ ಹೆಸರಿನ್ಯಾಗ," ಅಂದೆ.

"ಊರು?"

"ನಮ್ಮದೇ."

ಅಜ್ಜ ಎದ್ದು ನಿಂತ. ಕೋಲನ್ನು ಹಳ್ಳದ ಕಡೆಗೆ ಚಾಚಿದ. "ಅದು ಹೊಲ ಅಲ್ಲಬೇ ಹುಚ್ಚಿ. ಅದು ನಮ್ಮ ಮಸಣ."

ಕೋಟಿಗೆ ನಕ್ಕವರು, ಕೇಸಿಗೆ ನಕ್ಕವರು ಎಲ್ಲರೂ ಕೋಲಿನ ತುದಿಯ ಕಡೆ ತಿರುಗಿದರು. ಏಳು ಸೊನ್ನೆ ಯಾರ ಕಣ್ಣಿಗೂ ಕಂಡಿರಲಿಲ್ಲ. ಎರಡು ಎಕರೆ ಎಲ್ಲರ ಕಣ್ಣಿಗೂ ಕಂಡಿತು. ನನ್ನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮರುದಿನ ಬೆಳಗ್ಗೆ ಸೆಂಟರಿನ ಬಾಗಿಲು ತೆಗೆದ ಕೂಡಲೇ ಪಹಣಿ ತೆಗೆಯಲು ಕೂತೆ. ಮೆಹಬೂಬ್ ಸಾಹೇಬರು ಹಿಂದೆ ಬಂದು ನಿಂತರು. "ವಿಚಾರ ಮಾಡಿ ಒತ್ತು ಬೇಟಿ. ನೋಡಿದ ಮ್ಯಾಲ ನೋಡಿಲ್ಲ ಅನ್ನಾಕ ಬರಂಗಿಲ್ಲ."

ಒತ್ತಿದೆ. ಊರು ಬಿಟ್ಟು ಹೋಗಿದ್ದ ಗೌಡರ ಮೊಮ್ಮಕ್ಕಳು ಅದನ್ನು ಮಾರಿದ್ದರು. ಡಾಂಬರು ರಸ್ತೆ ಬಂದ ಮೇಲೆ ಆ ಜಾಗಕ್ಕೆ ಬೆಲೆ ಬಂದಿತ್ತು. ಖರೀದಿಯ ತಾರೀಖು ನೋಡಿದೆ. ನನ್ನಪ್ಪನನ್ನು ನಾವು ಮಣ್ಣು ಮಾಡುವ ಹೊತ್ತಿಗೇ ಅದು ಧಣಿಯ ಹೆಂಡತಿಯ ಹೆಸರಿಗಾಗಿತ್ತು. ಅಪ್ಪ ಬದುಕಿದ್ದಾಗ ಅವರಿಗೆ ಸಾಲ ಕೊಟ್ಟವನ ಗಿರಣಿಯಲ್ಲಿ ದುಡಿದ, ಸತ್ತ ಮೇಲೆ ಅವರ ಹೊಲದಲ್ಲಿ ಮಲಗಿದ. ನಮಗೆ ಗೊತ್ತೇ ಇರಲಿಲ್ಲ.

ಅಫಿಡವಿಟ್ಟಿನ ಆ ಹಾಳೆ, ಪಹಣಿಯ ಹಾಳೆ, ಎರಡನ್ನೂ ಅಕ್ಕಪಕ್ಕ ಇಟ್ಟು ಝೆರಾಕ್ಸ್ ಮಾಡಿಸಿ ಗುಡಿಯ ಗೋಡೆಗೆ ಅಂಟಿಸಿದೆ. ಮನೆಮನೆಗೆ ಕೊಟ್ಟೆ. ಮೂರು ದಿನ ನಮ್ಮ ಕೇರಿ ಕುದಿಯಿತು. ಪ್ರಚಾರದ ಗಾಡಿ ಬಂದರೆ ಹೆಂಗಸರು ಅಡ್ಡ ನಿಂತು ವಾಪಸ್ ಕಳಿಸಿದರು. ನಮ್ಮ ಕೇರಿಯ ದೈವಕ್ಕೆ, ಅಂದರೆ ಹಿರಿಯರ ಕೂಟಕ್ಕೆ, ದೊಡ್ಡವನು ಮಾನಪ್ಪ ದೊಡ್ಡಪ್ಪ. ನಾನು ಕಾಲೇಜಿಗೆ ಹೋಗುವಾಗ "ಹೆಣ್ಣುಮಗಳನ್ನ ಎಷ್ಟು ಓದಸ್ತೀಯೋ ಹನುಮಂತಾ" ಅಂತ ಅಪ್ಪನನ್ನು ಹಂಗಿಸಿದವನು ಅವನೇ. ಅವನೇ ಆಗ ಎಲ್ಲರ ಮುಂದೆ ನನ್ನ ತಲೆಯ ಮೇಲೆ ಕೈಯಿಟ್ಟು, "ಹನುಮಂತ ಗಂಡುಮಗಳನ್ನ ಹಡದಾನ ನೋಡ್ರಿ," ಅಂದ. ನನ್ನ ಜೀವನದಲ್ಲಿ ಅಷ್ಟು ಹಿಗ್ಗಿದ ಮೂರು ದಿನ ಮತ್ತೆ ಬಂದಿಲ್ಲ. ಹಿಗ್ಗಿನಲ್ಲಿ ನನಗೊಂದು ಕಾಣಲಿಲ್ಲ. ಎಲ್ಲರ ಕೈಗೂ ಒಂದು ಸಾಮಾನು ಕೊಟ್ಟಿದ್ದೆ. ಸಾಮಾನು ಕೈಗೆ ಬಂದವನು ಸಂತೆಗೆ ಒಯ್ಯುತ್ತಾನೆ.

ನಾಲ್ಕನೆಯ ದಿನ ಮಧ್ಯಾಹ್ನ ವೀರೇಶ ಬಂದ. ಧಣಿಯ ಕಡೆಯ ಕಾಂಟ್ರಾಕ್ಟರ್. ಬಿಳಿ ಅಂಗಿ, ಹಣೆಗೆ ವಿಭೂತಿ, ಬಾಯಿಗೆ ಬೆಣ್ಣೆ. ಚಪ್ಪಲಿಯನ್ನು ದೂರ ಬಿಟ್ಟು ಬಂದು ದೈವದವರಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ಅಷ್ಟಕ್ಕೇ ಅರ್ಧ ಕೇರಿ ಕರಗಿತು.

"ತಪ್ಪು ಆಗೇತ್ರಿ ಹಿರೇರ," ಅಂದ. "ಧಣ್ಯಾರಿಗೆ ಮಸಣ ಅಂತ ಮಾಲೂಮೇ ಇಲ್ಲ. ಕೇಳಿ ಊಟ ಬಿಟ್ಟಾರ. ಆರಿಸಿ ಬಂದ ವಾರದಾಗ ಬಿಟ್ಟುಕೊಡ್ತೀವಿ. ಸುತ್ತ ಗ್ವಾಡಿ ಕಟ್ಟಿಸಿ, ಬಾಗಿಲು ಇಡಸ್ತೀವಿ."

"ಇವತ್ತೇ ಬರದು ಕೊಡ್ರಿ," ಅಂದೆ ನಾನು. "ಛಾಪಾ ಕಾಗದ ತರಸ್ರಿ. ಸಹಿ ಮಾಡಸ್ರಿ."

ವೀರೇಶ ನನ್ನ ಕಡೆ ನೋಡಲಿಲ್ಲ. ಮಾನಪ್ಪನ ಕಡೆ ನೋಡಿ ನಕ್ಕ. "ತಂಗಿ ಓದ್ಯಾಳ, ಕಾಗದ ಕೇಳ್ತಾಳ. ನೀವು ಹಿರೇರು, ನೀವು ಏನು ಕೇಳ್ತೀರಿ?"

"ಭಂಡಾರ ಮುಟ್ಟು," ಅಂದ ಮಾನಪ್ಪ.

ನಮ್ಮಲ್ಲಿ ಅದು ದೊಡ್ಡ ಮಾತು. ದುರ್ಗಮ್ಮನ ಮುಂದಿನ ಅರಿಶಿನದ ಭಂಡಾರ ಮುಟ್ಟಿ ಸುಳ್ಳಾಡಿದವನ ವಂಶ ಉಳಿಯುವುದಿಲ್ಲ ಎಂದು ನಂಬಿಕೆ. ವೀರೇಶ ಒಂದು ಚಣವೂ ತಡಮಾಡಲಿಲ್ಲ. ಬಟ್ಟಲಲ್ಲಿ ಕೈಯದ್ದಿ, "ಧಣ್ಯಾರ ಪರವಾಗಿ ಮಸಣ ಬಿಟ್ಟುಕೊಡ್ತೀವಿ," ಅಂದ. ಆಮೇಲೆ ಬಟ್ಟಲನ್ನು ತಾನೇ ಮಾನಪ್ಪನ ಮುಂದೆ ಹಿಡಿದ. "ಈಗ ನೀವು ಮುಟ್ರಿ. ಕೇರಿಯ ಅಷ್ಟೂ ವೋಟು ಧಣ್ಯಾರಿಗೆ ಅಂತ ಅನ್ರಿ. ಒಂದು ತಪ್ಪಿದರೂ ಆಣಿ ತಪ್ಪಿದಂಗ."

ಮುಟ್ಟಿದರು. ಒಬ್ಬರಾದ ಮೇಲೆ ಒಬ್ಬರು, ಏಳು ಜನ ಹಿರಿಯರೂ. "ಕಾಗದ ಇಲ್ಲದ ಮುಟ್ಟಬ್ಯಾಡ್ರಿ," ಅಂತ ನಾನು ಕೂಗಿದೆ. ಮಾನಪ್ಪ ತಿರುಗಿ ಅಂದ: "ಸುಮ್ನಿರಬೇ. ಮೂರು ಅಕ್ಷರ ಕಲ್ತು ದೇವರಿಗಿಂತ ದೊಡ್ಡಾಕಿ ಆಗಬ್ಯಾಡ." ಮೂರು ದಿನದ ಹಿಂದೆ ನನ್ನ ತಲೆಯ ಮೇಲಿದ್ದ ಕೈಯಲ್ಲಿ ಈಗ ಅರಿಶಿನ ಹತ್ತಿತ್ತು.

ಅದಾದ ಮೇಲೆ ಮಾತು ಮಸಣದಿಂದ ಬೇರೆ ಕಡೆ ಹೋಯಿತು. ಪಕ್ಕದ ಊರಿಗೆ ಕೊಟ್ಟದ್ದೆಷ್ಟು, ನಮಗೆ ಕೊಡುವುದೆಷ್ಟು. ಒಬ್ಬ ಹಿರಿಯ ಜೇಬಿನಿಂದ ನಾನು ಕೊಟ್ಟ ಹಾಳೆಯನ್ನೇ ತೆಗೆದ. ಓದಲು ಬಾರದು; ಆದರೆ ಯಾವ ಸಾಲಿನಲ್ಲಿ ಕೋಟಿ ಇದೆ ಎಂದು ಗುರುತಿಟ್ಟುಕೊಂಡಿದ್ದ. ಅಲ್ಲಿ ಬೆರಳಿಟ್ಟು, "ಇಷ್ಟು ಇಟ್ಕೊಂಡು ನಮಗ ಅಷ್ಟ ಕೊಡ್ತೀರೇನು?" ಅಂದ. ಎಲ್ಲರೂ ಹೌದೌದು ಅಂದರು. ಅದನ್ನು ನೆನೆದರೆ ಇವತ್ತಿಗೂ ನನಗೆ ಉಗುಳಬೇಕು ಅನ್ನಿಸುತ್ತದೆ. ಯಾರ ಮೇಲೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಎದ್ದು ಹೋಗುವಾಗ ವೀರೇಶ ನನ್ನ ಹತ್ತಿರ ನಿಂತ. "ತಂಗಿ, ನೀ ಓದಿದ್ದಕ್ಕ ನಿಮ್ಮ ಕೇರಿ ರೇಟು ಡಬಲ್ ಆತು. ನಿನಗ ಒಂದು ಹಾರ ಹಾಕಬೇಕು ಇವರು." ಆಮೇಲೆ ದನಿ ಇಳಿಸಿ, "ಎಷ್ಟು ದಿನ ಝೆರಾಕ್ಸ್ ಅಂಗಡ್ಯಾಗ ಕೂಡ್ತಿ? ಧಣ್ಯಾರು ಆರಿಸಿ ಬರ್ಲಿ. ಕಚೇರ್ಯಾಗ ಕಂಪ್ಯೂಟರ್ ಮುಂದ ಕುಂದರಸ್ತೀನಿ. ಏನಂತಿ?"

ಆಗಲೇ ಅವನ ಮುಖಕ್ಕೆ ಇಲ್ಲ ಅಂದೆ ಎಂದು ಬರೆಯಲು ನನಗೂ ಆಸೆ. ಅನ್ನಲಿಲ್ಲ. "ನಾಳೆ ಹೇಳ್ತೀನಿ," ಅಂದೆ. ಒಂದು ದಿನ ಪೂರ್ತಿ ಆ ಕುರ್ಚಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಮರುದಿನ ಅವನ ಫೋನು ಬಂದಾಗ ಎತ್ತಲಿಲ್ಲ, ಅಷ್ಟೇ. ಮಾನಪ್ಪನನ್ನು ಬೈಯುವಾಗಲೆಲ್ಲ ಆ "ನಾಳೆ" ನೆನಪಾಗಿ ಅರ್ಧಕ್ಕೇ ಬಿಡುತ್ತೇನೆ.

ಮತದಾನದ ಹಿಂದಿನ ದಿನ ಹೊತ್ತು ಮೂಡುವಾಗ ಮನೆಮನೆಗೆ ಸೀರೆ ಬಂತು, ಜೊತೆಗೆ ಮಡಿಚಿದ ಲಕೋಟೆ. ನಾನು ನೀರು ತಂದು ಒಳಗೆ ಬರುವಷ್ಟರಲ್ಲಿ ಅವ್ವ ತೆಗೆದುಕೊಂಡಾಗಿತ್ತು. ಕುಂಕುಮ ಬಣ್ಣದ ಸೀರೆ.

"ಯಾಕ ತಗೊಂಡಿಬೇ ಅವ್ವಾ?"

"ಎಲ್ಲಾರೂ ತಗೊಂಡಾರ."

"ಎಲ್ಲಾರ ಗಂಡಂದ್ರೂ ಅಲ್ಲಿ ಮಲಗ್ಯಾರೇನು?"

ಅವ್ವ ಒಲೆ ಊದುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ನಿಮ್ಮಪ್ಪ ಅಲ್ಲಿ ಅದಾನಂತನ ತಗೊಂಡೀನಿ. ನಾನೊಬ್ಬಾಕಿ ತಗೊಳ್ಳಿಲ್ಲಂದ್ರ ಆಣಿ ಮುರಿದಾಕಿ ಅಂತಾರ. ನಾಳೆ ಧಣಿ ಕೈ ಎತ್ತಿದ್ರ ಯಾರ ಕಾರಣ ಅಂತಾರ? ನೀ ಓದಿದಾಕಿ, ನಿನಗ ಹೊಟ್ಟೀಗಿ ಸಿಟ್ಟು ಸಾಕು. ನನಗ ಅವನ ಮ್ಯಾಲಿನ ಮಣ್ಣು ಉಳೀಬೇಕು."

ತಂದ ಕೊಡ ಇಳಿಸಿ, ಅವಳ ಪಕ್ಕ ಕೂತು ಒಲೆ ಊದಿದೆ. ಡಿಗ್ರಿಯ ಮೂರು ವರ್ಷ ರಾಜ್ಯಶಾಸ್ತ್ರ ಓದಿದ್ದೆ.

ಮರುದಿನ ಶಾಲೆಯ ಬೂತಿನಲ್ಲಿ ಸಾಲು ನಿಂತೆವು. ಮುಂದೆ ಹೊಸ ಸೀರೆಗಳು, ಹಿಂದೆ ಹೊಸ ಸೀರೆಗಳು, ನಡುವೆ ನಾನು ನನ್ನ ಹಳೆ ಚೂಡಿದಾರದಲ್ಲಿ. ಯಂತ್ರದ ಮುಂದೆ ನಿಂತೆ. ಧಣಿಯ ಗುಂಡಿ ಒತ್ತಲಿಲ್ಲ. ಎದುರು ನಿಂತಿದ್ದವರೇನೂ ಹಾಲಿನಲ್ಲಿ ತೊಳೆದವರಲ್ಲ. ಅವರ ಅಫಿಡವಿಟ್ಟನ್ನೂ ಓದಿದ್ದೆ. ಆದರೂ ಧಣಿಯದನ್ನು ಒತ್ತಲಿಲ್ಲ.

ಧಣಿ ಸೋತರು.

ಎಣಿಕೆಯಾದ ಎಂಟನೆಯ ದಿನ ಮಸಣಕ್ಕೆ ಬೇಲಿ ಹಾಕಲು ಕಲ್ಲಿನ ಕಂಬಗಳು ಬಂದವು. ಸುದ್ದಿ ತಿಳಿದು ಕೇರಿ ಕೇರಿಯೇ ಓಡಿತು. ಗುಣಿ ತೋಡುವವರ ಪಕ್ಕ ವೀರೇಶ ಛತ್ರಿ ಹಿಡಿದು ನಿಂತಿದ್ದ. ಹಣೆಯಲ್ಲಿ ಅದೇ ವಿಭೂತಿ.

"ಭಂಡಾರ ಮುಟ್ಟೀರಿ!" ಅಂದ ಮಾನಪ್ಪ. ದನಿ ಒಡೆದಿತ್ತು.

"ನೀವೂ ಮುಟ್ಟೀರಿ," ಅಂದ ವೀರೇಶ. ಜೇಬಿನಿಂದ ಒಂದು ಹಾಳೆ ತೆಗೆದ. ಬೂತುವಾರು ಮತಗಳ ಪಟ್ಟಿ. "ನಿಮ್ಮ ಬೂತಿಂದು ಓದ್ಲೇನು? ತಂಗೀನ ಓದಲಿ. ಆಕಿಗೆ ಓದೂ ಚಟ ಐತಲ್ಲ."

ಓದಿದೆ. ಎದುರಿನವರಿಗೆ ಬಿದ್ದಿದ್ದ ಮತ ಒಂದೆರಡಲ್ಲ. ಮೂರರಲ್ಲಿ ಒಂದು ಪಾಲು ಅತ್ತ ಹೋಗಿತ್ತು. ಎದುರಿನವರ ಲಕೋಟೆಯೂ ನಮ್ಮ ಕೇರಿಗೆ ಬಂದಿತ್ತು ಎಂಬುದು ನನಗೆ ಗೊತ್ತಾದದ್ದು ಆಗ, ಆ ಅಂಕಿ ನೋಡಿ. ಎರಡೂ ಕಡೆ ಇಸಿದುಕೊಂಡಿದ್ದರು, ಎರಡೂ ಕಡೆ ಹಂಚಿ ಹಾಕಿದ್ದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಆಣಿ ತಪ್ಪಿದವರು ಯಾರು?" ಕೇಳಿದ ಮಾನಪ್ಪ, ಗಾಳಿಗೆ ಕೇಳುವ ಹಾಗೆ.

ಗುಣಿ ತೋಡುವವರು ಹಾರೆ ಹಾಕುತ್ತಲೇ ಇದ್ದರು. ಕಂಬ ಅಪ್ಪನ ತಲೆಗಲ್ಲಿಗೆ ನಾಲ್ಕು ಮಾರು ದೂರದಲ್ಲಿತ್ತು.

"ನಾನು ಹಾಕಿಲ್ಲ," ಅಂದೆ.

ಅಷ್ಟೇ ಬೇಕಾಗಿತ್ತು ಅವರಿಗೆ. "ಕೇಳಿದ್ರೇನು? ಕೇಳಿದ್ರೇನು?" ಎಂದು ಮಾನಪ್ಪ ಸುತ್ತ ತಿರುಗಿದ. "ಓದಿದಾಕಿ ಮಸಣ ಕಳದಳು!" ಎರಡೂ ಕಡೆಯ ಲಕೋಟೆ ಇಸಿದುಕೊಂಡವರೆಲ್ಲ ನನ್ನೊಬ್ಬಳ ಬೆನ್ನ ಹಿಂದೆ ಅಡಗಿಕೊಂಡರು. ಕೆಲವರು ಉಗುಳಿದರು. ಬೇವಿನ ನೆರಳಲ್ಲಿ ಗಿರಣಿಯ ಸಾಲದ ಒಳಗುಟ್ಟು ಹೇಳಿದ್ದ ಹೆಂಗಸು ನೆಲ ನೋಡುತ್ತ ನಿಂತಿದ್ದಳು. ಈರಪ್ಪಜ್ಜ ಒಬ್ಬನೇ ಬಾಯಿ ಬಿಟ್ಟ. "ಒಂದು ವೋಟಿಗೆ ಅಷ್ಟೂ ಅಂಕಿ ಬೀಳತಾವೇನಲೇ ಮಾನ್ಯಾ? ನನಗ ಎಣಿಸಾಕ ಬರತೈತಿ," ಅಂದ. ಮುದುಕನ ಮಾತು ಯಾರಿಗೆ ಬೇಕಾಗಿತ್ತು?

ಅವ್ವ ಮನೆಗೆ ಬಂದು ಆ ಕುಂಕುಮ ಬಣ್ಣದ ಸೀರೆಯನ್ನು ಎರಡು ತುಂಡು ಹರಿದು ಬಚ್ಚಲಿಗೆ ಪರದೆ ಕಟ್ಟಿದಳು. ಮೂರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ನನಗೆ ಟೀಚರ್ ಕೆಲಸ ಸಿಕ್ಕಿತು. ಯಾರ ಕಾಲೂ ಹಿಡಿಯದೆ, ಪರೀಕ್ಷೆ ಬರೆದು. ಗೆದ್ದವರ ಹತ್ತಿರ ಮಸಣದ ಅರ್ಜಿ ಹಿಡಿದು ಹೋದೆ. "ನೋಡೋಣ" ಅಂದರು. ಅದೇ ವಾರ ಅವರೂ ಧಣಿಯೂ ಒಂದು ಮದುವೆಯಲ್ಲಿ ಅಕ್ಕಪಕ್ಕ ಕೂತು ಎಲೆಯಡಿಕೆ ಮೆಲ್ಲುವ ಫೋಟೊ ಎಲ್ಲರ ಮೊಬೈಲಿಗೂ ಬಂತು. ನಾನು ಕಂದಾಯ ಕಚೇರಿಗೆ ಅರ್ಜಿ ಹಾಕಿದೆ. ಈರಪ್ಪಜ್ಜ ನನ್ನ ಜೊತೆ ಬೇಲಿಯ ಹೊರಗೆ ನಡೆದು, ಗಡಿಯ ಹಳೇ ಬಾಂದುಕಲ್ಲುಗಳು ಎಲ್ಲಿವೆ ಎಂದು ಒಂದೊಂದಾಗಿ ತೋರಿಸಿ ಬರೆಸಿದ. ಮುಂದಿನ ವರ್ಷ ಅವನು ಸತ್ತ. ಬೇಲಿಯ ಬಾಗಿಲಿಗೆ ಬೀಗ ಇತ್ತು. ಮಾನಪ್ಪ ವೀರೇಶನಿಗೆ ಫೋನು ಹಚ್ಚಿದ, ಎತ್ತಲಿಲ್ಲ. ಊರಿನ ಅಷ್ಟೂ ನೆಲಕ್ಕೆ ಸರಪಳಿ ಹಿಡಿದ ಮನುಷ್ಯನನ್ನು ಹಳ್ಳದ ಉಸುಕಿನಲ್ಲಿ ಹೂಳಿದೆವು. ಮಳೆಗಾಲದಲ್ಲಿ ಹಳ್ಳ ತುಂಬಿ ಬಂತು. ಅದರ ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ.

ಈಗ ಮೊನ್ನೆಯ ಹಾಳೆಗೆ ಬರುತ್ತೇನೆ. ಅಂದು ನಮ್ಮ ಅರ್ಜಿ ಲಿಂಗಸುಗೂರಿನಲ್ಲಿ ವಿಚಾರಣೆಗಿತ್ತು. ಧಣಿಯ ಕಡೆಯವರು ಒಂದು ಹೇಳಿಕೆ ಹಾಜರು ಮಾಡಿದ್ದರು. ಅದರ ಪ್ರತಿ ತೆಗೆಸಲು ಅಂಗಡಿಗೆ ಹೋಗಿದ್ದೆ. ಬಿಸಿ ಹಾಳೆಯನ್ನು ಅಲ್ಲೇ ನಿಂತು ಓದಿದೆ. "ಸದರಿ ಜಮೀನು ಯಾವತ್ತೂ ಮಸಣವಾಗಿರುವುದಿಲ್ಲ. ಅದರಲ್ಲಿ ಯಾವುದೇ ಗೋರಿಗಳು ಇರುವುದಿಲ್ಲ. ಇದು ನಮ್ಮ ಸ್ವಂತ ಅರಿವಿನ ಪ್ರಕಾರ ನಿಜ." ಕೆಳಗೆ ಏಳು ಹೆಬ್ಬೆಟ್ಟು. ಮೊದಲನೆಯದು ಮಾನಪ್ಪನದು. ಭಂಡಾರದಲ್ಲಿ ಅದ್ದಿದ ಅದೇ ಏಳು ಬೆರಳು, ಈ ಸಲ ನೀಲಿ ಶಾಯಿಯಲ್ಲಿ. ಮಾನಪ್ಪನ ಸ್ವಂತ ಅಪ್ಪ, ಅವ್ವ ಇಬ್ಬರೂ ಅಲ್ಲೇ ಇದ್ದಾರೆ. ಅವರನ್ನೂ ಇಲ್ಲ ಅಂದಿದ್ದ.

ಕಚೇರಿಯ ಪಡಸಾಲೆಯಲ್ಲಿ ಅವ್ವ ಗೋಡೆಗೊರಗಿ ಕೂತಿದ್ದಳು. "ಏನ್ ಬರದಾರ?" ಅಂದಳು. ಓದಬಾರದು ಅಂದುಕೊಂಡೆ. "ಓದು. ಬಿಡಬ್ಯಾಡ," ಅಂದಳು, ಥೇಟ್ ಅಪ್ಪನ ಹಾಗೆ. ಓದಿದೆ. ಅವಳು ಅಳಲಿಲ್ಲ. ಎದ್ದು ಸೆರಗು ಸರಿ ಮಾಡಿಕೊಂಡಳು.

ಒಳಗೆ ಸಾಹೇಬರು ಕಡತ ತಿರುವುತ್ತ ಕೇಳಿದರು: "ಅಲ್ಲಿ ಮಸಣ ಇತ್ತು ಅನ್ನಲಿಕ್ಕೆ ನಿಮ್ಮ ಹತ್ತಿರ ದಾಖಲೆ ಏನಿದೆಯಮ್ಮಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಮುಂದೆ ಬಂದಳು.

"ನನ್ನ ಗಂಡ ಅದಾನ್ರೀ."

"ಎಲ್ಲಿ? ಕರೀರಿ ಒಳಗೆ."

"ಬರಾಕ ಆಗಂಗಿಲ್ರೀ. ನೂರಾ ಹದಿನೇಳು ಬಾರ್ ಎರಡರಾಗ ಮಲಗ್ಯಾನ. ಬಡಗಲ ಬಾಂದುಕಲ್ಲಿನಿಂದ ಹನ್ನೆರಡು ಹೆಜ್ಜಿ, ತಲೀಗೆ ಕರಿಕಲ್ಲು. ಗೋರಿ ಇಲ್ಲಂತ ಬರದಾರಲ್ಲ, ಅಗದು ನೋಡ್ರಿ. ನಾನ ಸಲಿಕಿ ತರತೀನಿ."

ಸಾಹೇಬರ ಕೈ ಕಡತದ ಮೇಲೇ ನಿಂತಿತು. ಆಮೇಲೆ ಪಕ್ಕದ ಗುಮಾಸ್ತನಿಗೆ, "ಇವರು ಹೇಳಿದ್ದನ್ನ ಹೇಳಿದ ಹಾಗೇ ಬರ್ಕೋ," ಅಂದರು. ಅವನು ಬರೆದ. ಅವ್ವ ಹೆಬ್ಬೆಟ್ಟು ಒತ್ತಿದಳು. ಮುಂದಿನ ತಾರೀಖು ಕೊಟ್ಟರು. ಅಷ್ಟೇ ಆದದ್ದು. ಗೆದ್ದೆವು ಅಂತ ಯಾರಾದರೂ ಓದಿಕೊಂಡರೆ ತಪ್ಪು. ಬೇಲಿ ಹಾಗೇ ಇದೆ, ಬೀಗವೂ ಇದೆ, ಮುಂದಿನ ಚುನಾವಣೆಗೆ ಧಣಿಯ ಗಾಡಿಗಳಿಗೆ ಹೊಸ ಬಣ್ಣ ಬಳಿಯುತ್ತಿದ್ದಾರಂತೆ.

ಹೊರಗೆ ಬಿಸಿಲಿಗೆ ಬಂದಾಗ ಅವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ನಾ ಅಂದದ್ದು ಬರದಾನೇನು?"

"ಬರದಾನ."

"ನೀ ಓದಿ ನೋಡಿದೇನು?"

"ನೋಡೀನಿ."

"ಹಂಗಾರ ನಡಿ, ಅದರದೊಂದು ಝೆರಾಕ್ಸ್ ತಗಸೋಣ. ಮನ್ಯಾಗ ಇರ್ಲಿ."

ಪ್ರತಿಗೆ ಅರ್ಜಿ ಹಾಕಿ, ಕಾದು, ತೆಗೆದುಕೊಂಡು ಅದೇ ಅಂಗಡಿಗೆ ಹೋದೆವು. ಯಂತ್ರದಿಂದ ಹಾಳೆ ಬಂತು. ನಾನು ಮುಖ ಆ ಕಡೆ ತಿರುಗಿಸಿದೆ. ಅವ್ವ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಆರಲು ಬಿಡದೆ, ಬಿಸಿ ಇದ್ದ ಹಾಗೆಯೇ ನಾಲ್ಕು ಮಡಿಕೆ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು.